ಪೆಟ್ಟಿಗೆ ಬರುವ ಮೊದಲು

ಈ ಮಾತು ನಡೆದದ್ದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಲ್ಲಿ, ಮೆಕ್ಕೆಜೋಳದ ಒಕ್ಕಲು ಮುಗಿದ ದಿನಗಳಲ್ಲಿ, ಒಂದು ಮನೆಯ ಜಗಲಿಯ ಮೇಲೆ. ಒಬ್ಬರು ಈ ಸೀಮೆಯ ಸರ್ಕಾರಿ ಶಾಲೆಗಳಲ್ಲೇ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬರು ಅವರ ಹಳೆಯ ಶಿಷ್ಯೆ, ಈಗ ಹೋಬಳಿಯ ಒಂದು ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷೆ.

ಅಧ್ಯಕ್ಷೆ: ಸರ, ನಿಮ್ಮ ಕೈಲೆ ಒಂದು ಅರ್ಜಿ ಬರೆಸ್ಕೊಂಡು ಹೋಗಾಕ ಬಂದೀನ್ರಿ. ನಮ್ಮ ಶಾಲಿಗೆ ಹತ್ತು ಕಂಪ್ಯೂಟರ್ ಬೇಕು.

ಮೇಷ್ಟ್ರು: ಕುಂದ್ರವ್ವ. ಮೊದಲು ನೀರು ಕುಡಿ. ಹತ್ತು ಅಂತ ಲೆಕ್ಕ ಹಾಕಿದವರು ಯಾರು?

ಅಧ್ಯಕ್ಷೆ: ಯಾರೂ ಹಾಕಿಲ್ರಿ. ಮಗ್ಗಲೂರಿನ ಹೈಸ್ಕೂಲಿಗೆ ಹತ್ತು ಬಂದಿದ್ವಂತ, ಅದಕ್ಕ.

ಮೇಷ್ಟ್ರು: ಬಂದಿದ್ದವು ಅಂದೆ. ಈಗ ನಡೀತಾವೇನು?

ಅಧ್ಯಕ್ಷೆ: ಇಲ್ರಿ. ಆ ಕೋಣಿಗೆ ಕೀಲಿ ಹಾಕ್ಯಾರ.

ಮೇಷ್ಟ್ರು: ಅಂಥ ಕೀಲಿಯನ್ನು ನಾನೇ ಹಾಕಿದ್ದೀನಿ. ಶಾಲೆಯ ಹೆಸರು ಬೇಡ. ಕಂಪ್ಯೂಟರ್ ಬಂದ ದಿನ ಊರೇ ಸೇರಿತ್ತು, ಬಾಗಿಲಿಗೆ ತೋರಣ ಕಟ್ಟಿ ಕಾಯಿ ಒಡೆದಿದ್ದೆವು. ಆಗಿನ ಏರ್ಪಾಡು ಗುತ್ತಿಗೆಯದು. ಖಾಸಗಿಯವರು ಯಂತ್ರ ತಂದು ಕೂರಿಸಬೇಕು, ಒಬ್ಬ ಕಂಪ್ಯೂಟರ್ ಶಿಕ್ಷಕನನ್ನು ಇಟ್ಟು ನಡೆಸಬೇಕು, ಐದು ವರ್ಷ ತುಂಬಿದ ಮೇಲೆ ಶಾಲೆಗೆ ಒಪ್ಪಿಸಿ ಹೋಗಬೇಕು. ಹುಡುಗ ಚಲೋ ಕಲಿಸ್ತಿದ್ದ. ಐದು ವರ್ಷ ಮುಗೀತು, ಅವನ ಸಂಬಳ ನಿಂತಿತು, ಅವನು ಹೋದ. ಆರು ತಿಂಗಳಲ್ಲಿ ಯುಪಿಎಸ್ ಬ್ಯಾಟರಿ ಉಬ್ಬಿದವು. ಹೊಸ ಬ್ಯಾಟರಿಗೆ ದುಡ್ಡು ಕೇಳಿ ನಾನು ಮೂರು ಪತ್ರ ಬರೆದೆ, ಅದಕ್ಕೊಂದು ಲೆಕ್ಕದ ತಲೆಬರಹವೇ ಇರಲಿಲ್ಲ. ಹಂಗಾಗಿ ಒಂದು ದಿನ ಕೀಲಿ ಹಾಕಿ, ಆ ಕೀಲಿಯನ್ನು ಬೀರುವಿನಲ್ಲಿಟ್ಟೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಸಂಕಟ ಆಗ್ತದವ್ವ. ಆ ಕೋಣೆ ದಾಟಿ ಹೋಗುವಾಗ ಮಕ್ಕಳು ಕಿಟಕಿಯಲ್ಲಿ ಹಣಿಕಿ ಹಾಕ್ತಿದ್ದರು.

ಅಧ್ಯಕ್ಷೆ: ಹಂಗಾದ್ರ ಕೇಳೋದೇ ಬ್ಯಾಡ ಅಂತೀರೇನ್ರಿ?

ಮೇಷ್ಟ್ರು: ಕೇಳಬೇಕು. ಗಟ್ಟಿಯಾಗಿ ಕೇಳಬೇಕು. ಆದರೆ ಪೆಟ್ಟಿಗೆಯನ್ನಷ್ಟೇ ಕೇಳಬಾರದು. ಆ ಪೆನ್ನು ಕೊಡು, ಒಂದು ಲೆಕ್ಕ ತೋರಿಸ್ತೀನಿ. ಸಮಗ್ರ ಶಿಕ್ಷಾ ಅಂತ ಕೇಂದ್ರದ ಯೋಜನೆ ಇದೆಯಲ್ಲ, 2018-19ರಲ್ಲಿ ಸರ್ವ ಶಿಕ್ಷಾ ಅಭಿಯಾನ, ಹೈಸ್ಕೂಲಿನ ಆರ್‌ಎಂಎಸ್‌ಎ, ಶಿಕ್ಷಕರ ತರಬೇತಿ ಮೂರನ್ನೂ ಕೂಡಿಸಿ ಮಾಡಿದ್ದು. ನೂರರಲ್ಲಿ ಅರವತ್ತು ಕೇಂದ್ರದ್ದು, ನಲವತ್ತು ರಾಜ್ಯದ್ದು. 6ರಿಂದ 12ನೇ ತರಗತಿ ಇರೋ ಶಾಲೆಗೆ ಒಂದು ಕಂಪ್ಯೂಟರ್ ಕೊಠಡಿ ಅಂದರೆ ಅವರ ಮಾನದಂಡ ಏನು ಗೊತ್ತೇನು? ಒಂದು ಸಲದ ಖರ್ಚಿಗೆ 6.40 ಲಕ್ಷದವರೆಗೆ. ನಡೆಸುವ ಖರ್ಚಿಗೆ ವರ್ಷಕ್ಕೆ 2.40 ಲಕ್ಷದವರೆಗೆ, ಐದು ವರ್ಷ. ಕೂಡಿಸು.

ಅಧ್ಯಕ್ಷೆ: ಎರಡು ನಲವತ್ತು, ಐದು ವರ್ಷಕ್ಕ... ಹನ್ನೆರಡು ಲಕ್ಷ ಆತ್ರಿ.

ಮೇಷ್ಟ್ರು: ಸಾಮಾನಿಗೆ ಆರೂವರೆ ಲಕ್ಷದೊಳಗೆ, ನಡೆಸೋದಕ್ಕೆ ಹನ್ನೆರಡು. ಇದು ನನ್ನ ಲೆಕ್ಕ ಅಲ್ಲ, ಸರ್ಕಾರದ್ದೇ. ಸ್ಮಾರ್ಟ್ ಕ್ಲಾಸಿಗೆ 2.40 ಲಕ್ಷ, ವರ್ಷಕ್ಕೆ 38 ಸಾವಿರ ನಡೆಸಲಿಕ್ಕೆ. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ 2016ರಲ್ಲಿ ಶುರುವಾಯಿತು, ಅದರಲ್ಲೂ ಕಟ್ಟೋದಕ್ಕೆ ಹತ್ತು ಲಕ್ಷ, ಐದು ವರ್ಷ ನಡೆಸೋದಕ್ಕೆ ಇನ್ನೊಂದು ಹತ್ತು ಲಕ್ಷ. ದುಡ್ಡು ಕೊಡೋರಿಗೇ ಈ ಲೆಕ್ಕ ಗೊತ್ತಿರುವಾಗ, ಕೇಳೋ ನಾವು ಅರ್ಜಿಯಲ್ಲಿ ಬರೀ ‘ಹತ್ತು ಕಂಪ್ಯೂಟರ್ ದಯಪಾಲಿಸಬೇಕು’ ಅಂತ ಬರೆದರೆ ಅರ್ಧ ಬಿಟ್ಟು ಕೇಳಿದಂಗೆ ಆಯ್ತು.

ಅಧ್ಯಕ್ಷೆ: ಸಮಗ್ರ ಶಿಕ್ಷಾದವರಿಗೆ ಎಲ್ಲಿ ಅರ್ಜಿ ಕೊಡಬೇಕ್ರಿ? ಹೊಸಪೇಟಿಗೆ ಹೋಗಬೇಕೇನು?

ಮೇಷ್ಟ್ರು: ಅದಕ್ಕೆ ನೀನು ಕೊಡೋ ಅರ್ಜಿ ಬೇರೆ ಥರದ್ದು. ನಿಮ್ಮ ಮುಖ್ಯಗುರುಗಳು ವರ್ಷಾ ಯುಡೈಸ್ ತುಂಬ್ತಾರಲ್ಲ, ಅದೇ ಅರ್ಜಿ. ಶಾಲೆಗೊಂದು ಹನ್ನೊಂದು ಅಂಕಿಯ ಸಂಖ್ಯೆ ಇರ್ತದೆ, ನಮ್ಮ ರಾಜ್ಯದ್ದೆಲ್ಲ 29ರಿಂದ ಶುರು. ಮಕ್ಕಳೆಷ್ಟು, ಕೊಠಡಿ ಎಷ್ಟು, ಕರೆಂಟ್ ಐತೋ ಇಲ್ಲೋ, ಕಂಪ್ಯೂಟರ್ ಎಷ್ಟು, ಅದರಲ್ಲಿ ನಡೆಯೋವು ಎಷ್ಟು, ಎಲ್ಲ ಅದರೊಳಗೆ. ಜಿಲ್ಲೆಯ ವಾರ್ಷಿಕ ಯೋಜನೆ ತಯಾರಾಗೋದು ಆ ಅಂಕಿಗಳ ಮೇಲೆ. ಕೆಟ್ಟು ಕೂತ ನಾಲ್ಕು ಕಂಪ್ಯೂಟರನ್ನು ‘ನಡೀತಾವೆ’ ಅಂತ ತುಂಬಿದರೆ ಬೆಂಗಳೂರಿನಲ್ಲಿ ಕೂತವರ ಕಣ್ಣಿಗೆ ನಿಮ್ಮ ಶಾಲೆಯಲ್ಲಿ ಕೊರತೆಯೇ ಇಲ್ಲ. ನಿಮ್ಮಲ್ಲಿ ಹಳೇವು ಇದಾವೇನು?

ಅಧ್ಯಕ್ಷೆ: ಎರಡು ಅದಾವ್ರಿ. ಮ್ಯಾಲೆ ಅಕ್ಕಿ ಚೀಲ ಇಟ್ಟಾರ.

ಮೇಷ್ಟ್ರು: ಅವನ್ನು ದಾಸ್ತಾನು ಪುಸ್ತಕದಲ್ಲಿ ನೋಡು. ಅಲ್ಲಿ ಇನ್ನೂ ಸರಿಯಿದ್ದಂಗೆ ಇರ್ತಾವೆ. ನಿರುಪಯುಕ್ತ ಅಂತ ಇಲಾಖೆಯ ಕ್ರಮದ ಪ್ರಕಾರ ತೆಗೆಸಿ ಹಾಕಿ. ಯುಡೈಸ್ ತುಂಬುವ ದಿನ ಮುಖ್ಯಗುರುಗಳ ಮಗ್ಗುಲಿಗೆ ಕೂತು ಒಂದೊಂದು ಸಾಲೂ ಓದಿಸಿಕೋ. ಅಧ್ಯಕ್ಷೆಯಾಗಿ ನಿನಗೆ ಆ ಹಕ್ಕು ಇದೆ. 2001ರಲ್ಲಿ ನಮ್ಮ ರಾಜ್ಯ ಎಸ್‌ಡಿಎಂಸಿ ಮಾಡಿದ್ದೇ ತಾಯಿತಂದೆಯರು ಶಾಲೆಯ ಲೆಕ್ಕ ನೋಡಲಿ ಅಂತ. ಸ್ವಾತಂತ್ರ್ಯ ದಿನ ವೇದಿಕೆ ಮೇಲೆ ಕೂರಿಸಲಿಕ್ಕೆ ಮಾಡಿದ್ದಲ್ಲ.

ಅಧ್ಯಕ್ಷೆ: ಮತ್ತ 371ಜೆ ದುಡ್ಡು ಅಂತಾರಲ್ರಿ. ಕಲ್ಯಾಣ ಕರ್ನಾಟಕ ಮಂಡಳಿದು. ಅದು ನಮಗ ಬರ್ತತೇನು?

ಮೇಷ್ಟ್ರು: ಬರ್ತದೆ. ಇದನ್ನು ಸ್ವಲ್ಪ ಕೂತು ಕೇಳು. ನೀನು ಓದೋ ಕಾಲಕ್ಕೆ ನಾವು ಯಾವ ಜಿಲ್ಲೆ?

ಅಧ್ಯಕ್ಷೆ: ಮೊದಲು ಬಳ್ಳಾರಿ, ಆಮ್ಯಾಲೆ ದಾವಣಗೆರೆ ಅಂತ ಬರೀತಿದ್ವಿ.

ಮೇಷ್ಟ್ರು: 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಹರಪನಹಳ್ಳಿಯನ್ನು ಬಳ್ಳಾರಿಯಿಂದ ಬಿಡಿಸಿ ಅದಕ್ಕೆ ಸೇರಿಸಿದರು. ದಾವಣಗೆರೆ ಹತ್ತಿರ, ಬಸ್ಸು ಜಾಸ್ತಿ, ಆಸ್ಪತ್ರೆ ಕಾಲೇಜು ಎಲ್ಲ ಅಲ್ಲೇ. ಜನಕ್ಕೆ ಅನುಕೂಲವೇ ಆಯ್ತು. ಆದರೆ 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿ ತಂದು, ಹಿಂದುಳಿದ ಈ ಭಾಗಕ್ಕೆ ವಿಶೇಷ ಸೌಲಭ್ಯ ಕೊಡೋ 371ಜೆ ಸೇರಿಸಿದಾಗ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಒಳಗೆ ಬಂದವು. ಮಗ್ಗುಲಿನ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಗೆ ಮಳೆ ಬಿತ್ತು, ನಮ್ಮ ಹೊಲದ ಬದುವಿಗೆ ಬಂದು ನಿಂತಿತು. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಹರಪನಹಳ್ಳಿಯೂ ಒಂದು. ಅಷ್ಟು ಹಿಂದುಳಿದ ತಾಲ್ಲೂಕು, ಬರೀ ಜಿಲ್ಲೆಯ ಗೆರೆಯ ಸಲುವಾಗಿ ಹೊರಗೆ ಉಳೀತು. ಆಗ ಹೋರಾಟ ಆಯ್ತು. ಆಗಿನ ಶಾಸಕ ಎಂ.ಪಿ. ರವೀಂದ್ರ, ಹಡಗಲಿಯ ಎಂ.ಪಿ. ಪ್ರಕಾಶರ ಮಗ, ಅದನ್ನು ಬೆನ್ನು ಹತ್ತಿದರು. 2018ರಲ್ಲಿ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಸೇರಿ 371ಜೆ ಒಳಗೆ ಬಂತು. ಅದೇ ವರ್ಷ ರವೀಂದ್ರ ತೀರಿಕೊಂಡರು. 2021ರಲ್ಲಿ ವಿಜಯನಗರ ಜಿಲ್ಲೆಯಾಯ್ತು, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹೊಸಪೇಟೆ ಜೊತೆ ನಾವೂ ಹೋದೆವು. ಸೌಲಭ್ಯ ಹಂಗೇ ಉಳೀತು.

ಅಧ್ಯಕ್ಷೆ: ಇಷ್ಟೆಲ್ಲಾ ನಡೆದೈತಿ ಅಂತ ಗೊತ್ತಿರಲಿಲ್ರಿ. ಕೆಲಸಕ್ಕ, ಕಾಲೇಜು ಸೀಟಿಗೆ ಸರ್ಟಿಫಿಕೇಟ್ ತಗೊಳ್ಳೋದು ಅಷ್ಟ ಅಂದ್ಕೊಂಡಿದ್ದೆ.

ಮೇಷ್ಟ್ರು: ಎಲ್ಲರೂ ಹಂಗೇ ಅಂದುಕೊಂಡಿದ್ದಾರೆ. ತಹಶೀಲ್ದಾರ್ ಕಚೇರಿ ಮುಂದೆ ಸರ್ಟಿಫಿಕೇಟಿಗೆ ಸಾಲು ನಿಲ್ಲೋದಷ್ಟೇ ಅದರ ಉಪಯೋಗ ಅಲ್ಲ. ಪ್ರದೇಶಕ್ಕೆ ಒಂದು ಮಂಡಳಿ ಇದೆ, ಕಲಬುರಗಿಯಲ್ಲಿ ಅದರ ಕಚೇರಿ. ಈಚಿನ ಬಜೆಟ್‌ಗಳಲ್ಲಿ ಅದಕ್ಕೆ ವರ್ಷಕ್ಕೆ 5,000 ಕೋಟಿ ಅಂತ ಘೋಷಣೆ ಆಗಿದೆ. ಅದರಲ್ಲಿ ಕಾಲುಭಾಗವನ್ನು ಶಿಕ್ಷಣಕ್ಕೆ ತೆಗೆದಿಟ್ಟು ‘ಅಕ್ಷರ ಆವಿಷ್ಕಾರ’ ಅಂತ ಹೆಸರಿಟ್ಟಿದ್ದಾರೆ. ಶಾಲೆ ಕೊಠಡಿ, ಅತಿಥಿ ಶಿಕ್ಷಕರು, ಸ್ಮಾರ್ಟ್ ಕ್ಲಾಸು, ಇವಕ್ಕೆ ಅಲ್ಲಿ ಜಾಗ ಇದೆ. ಆದರೆ ಆ ದುಡ್ಡು ಕ್ರಿಯಾ ಯೋಜನೆಯಲ್ಲಿ ಹೆಸರು ಬಂದ ಕಾಮಗಾರಿಗೆ ಮಾತ್ರ. ಪಟ್ಟಿ ಶಾಸಕರ ಕಡೆಯಿಂದ, ಜಿಲ್ಲಾಧಿಕಾರಿ ಕಡೆಯಿಂದ ಹೋಗ್ತದೆ. ಪಟ್ಟಿ ಮುಗಿದ ಮೇಲೆ ನೀನು ಹೋದರೆ ಮುಂದಿನ ವರ್ಷಕ್ಕೆ ಅಂತಾರೆ. ಹಿಂಗಾಗಿ ಬೇಸಿಗೆಯಲ್ಲೇ ನಡಾವಳಿ ಬರೆದು, ಬಿಇಒ ಕಚೇರಿಗೆ ಒಂದು ಪ್ರತಿ, ಶಾಸಕರ ಕಚೇರಿಗೆ ಒಂದು ಪ್ರತಿ ಕೊಟ್ಟು, ಎರಡಕ್ಕೂ ಸ್ವೀಕೃತಿ ಹಾಕಿಸಿಕೊಂಡು ಬಾ.

ಅಧ್ಯಕ್ಷೆ: ಶಾಸಕರ ಹತ್ರ ಹೋದ್ರ ಗುಡಿಗೆ, ಸಮುದಾಯ ಭವನಕ್ಕ ಕೇಳೋರೇ ಜಾಸ್ತಿ ಇರ್ತಾರ್ರಿ. ನಮ್ಮ ದನಿ ಎಲ್ಲಿ ಕೇಳಬೇಕು?

ಮೇಷ್ಟ್ರು: ಗುಡಿಗೆ ಕೇಳೋರು ಇಪ್ಪತ್ತು ಮಂದಿ ಟ್ರ್ಯಾಕ್ಟರಿನಲ್ಲಿ ಹೋಗ್ತಾರೆ, ಶಾಲೆಗೆ ಕೇಳಲಿಕ್ಕೆ ಮುಖ್ಯಗುರು ಒಬ್ಬರೇ ಹೋಗ್ತಾರೆ. ಅದಕ್ಕೇ ಹಂಗೆ. ನೀನು ಇಪ್ಪತ್ತು ತಾಯಂದಿರನ್ನು ಕರಕೊಂಡು ಹೋಗು. ಒಂದು ವಿಷಯ ಮರೀಬೇಡ, ಅರ್ಜಿಯ ತಲೆಯಲ್ಲಿ ಅರಸೀಕೆರೆ ಅಂತಷ್ಟೇ ಬರೆದರೆ ಬೆಂಗಳೂರಿನವರು ಹಾಸನದ ಅರಸೀಕೆರೆ ಅಂದುಕೊಳ್ತಾರೆ. ನಮ್ಮ ಹಳೇ ಕಾಗದಗಳಲ್ಲಿ ಬೇರೆ ದಾವಣಗೆರೆ ಅಂತಲೂ ಇದೆ, ಬಳ್ಳಾರಿ ಅಂತಲೂ ಇದೆ. ಅರಸೀಕೆರೆ ಹೋಬಳಿ, ಹರಪನಹಳ್ಳಿ ತಾಲ್ಲೂಕು, ವಿಜಯನಗರ ಜಿಲ್ಲೆ, ಪಕ್ಕದಲ್ಲಿ ಯುಡೈಸ್ ಸಂಖ್ಯೆ. ಪ್ರತಿ ಹಾಳೆಯಲ್ಲೂ.

ಅಧ್ಯಕ್ಷೆ: ಕಂಪನಿಯವರು ಕೊಡ್ತಾರಂತಲ್ರಿ. ತೋರಣಗಲ್ಲಿನ ಕಡೆ ಶಾಲಿಗಳಿಗೆ ಚಲೋ ಚಲೋ ಕಟ್ಟಡ ಆಗ್ಯಾವ ಅಂತ ನಮ್ಮ ತಮ್ಮ ಹೇಳ್ತಿದ್ದ.

ಮೇಷ್ಟ್ರು: ಅದು ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್. ನಿವ್ವಳ ಆಸ್ತಿ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ಲಾಭ 5 ಕೋಟಿ ದಾಟಿದ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿ ಸಮಾಜಕ್ಕೆ ಖರ್ಚು ಮಾಡಬೇಕು. ಶಿಕ್ಷಣ ಆ ಪಟ್ಟಿಯಲ್ಲಿದೆ. ಆದರೆ ಕಂಪನಿ ಎಲ್ಲಿದೆಯೋ ಆ ಸುತ್ತಮುತ್ತಲಿಗೆ ಮೊದಲು ಅಂತಲೂ ಕಾಯ್ದೆಯಲ್ಲೇ ಇದೆ. ತೋರಣಗಲ್ಲು, ಸಂಡೂರಿನ ಕಡೆ ಉಕ್ಕಿನ ಕಾರ್ಖಾನೆ, ಗಣಿ ಇವೆ. ಗಣಿ ಇದ್ದ ಕಡೆ ಜಿಲ್ಲಾ ಖನಿಜ ನಿಧಿಯೂ ಇರ್ತದೆ, ಅದರಲ್ಲೂ ಶಾಲೆಗೆ ಪಾಲು. ನಮ್ಮಲ್ಲಿ ಏನಿದೆ? ಮೆಕ್ಕೆಜೋಳ, ಶೇಂಗಾ, ಮಳೆ ಬಾರದ ವರ್ಷ ಗುಳೆ. ಕಾರ್ಖಾನೆ ಇಲ್ಲದ ಸೀಮೆಗೆ ಸಿಎಸ್‌ಆರ್ ತಾನಾಗಿ ನಡಕೊಂಡು ಬರೋದಿಲ್ಲ. ಈ ಕಾಯ್ದೆಯಲ್ಲಿ ನನಗೆ ಒಪ್ಪಿಗೆಯಾಗದ ಮಾತು ಇದು. ಎಲ್ಲಿ ದುಡ್ಡು ಹುಟ್ಟುತ್ತದೋ ಅಲ್ಲೇ ಉಳೀತದೆ, ಬಡ ತಾಲ್ಲೂಕು ಬಡತನದ ಕಾರಣಕ್ಕೇ ಹಿಂದೆ ಬೀಳ್ತದೆ.

ಅಧ್ಯಕ್ಷೆ: ಹಂಗಾದ್ರ ಆ ದಾರಿ ಮುಚ್ಚಿದಂಗ ಆತು.

ಮೇಷ್ಟ್ರು: ಮುಚ್ಚಿಲ್ಲ. ಎರಡು ಸಂದಿ ಇವೆ. ಒಂದು, ನಮ್ಮ ಊರಿನಲ್ಲಿ ಓದಿ ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಕೆಲಸ ಮಾಡೋ ಮಕ್ಕಳು. ಒಳಗಿನವರು ಒಬ್ಬರು ‘ಇದು ನಾನು ಓದಿದ ಶಾಲೆ’ ಅಂದರೆ ಆ ಮಾತಿಗೆ ತೂಕ ಇರ್ತದೆ. ಎರಡು, ಕೇಂದ್ರದ ವಿದ್ಯಾಂಜಲಿ ಅಂತ ಜಾಲತಾಣ, 2021ರ ಸೆಪ್ಟೆಂಬರಿನಿಂದ ಹೊಸ ರೂಪದಲ್ಲಿ ಬಂದಿದೆ. ಸರ್ಕಾರಿ ಶಾಲೆ ತನಗೆ ಬೇಕಾದ್ದನ್ನು ಅಲ್ಲಿ ಬರೆದಿಟ್ಟರೆ ಕೊಡೋರು ನೋಡಿ ಕೊಡಬಹುದು. ಮುಖ್ಯಗುರುಗಳು ಅರ್ಧ ಗಂಟೆಯಲ್ಲಿ ಮಾಡೋ ಕೆಲಸ. ಇನ್ನೊಂದು ಎಚ್ಚರ. ಕಂಪನಿ ನೇರ ನಿಮ್ಮ ಎಸ್‌ಡಿಎಂಸಿ ಖಾತೆಗೆ ದುಡ್ಡು ಹಾಕ್ತದೆ ಅಂತ ಕಾಯಬೇಡ. ಮೂರು ವರ್ಷ ಕೆಲಸ ಮಾಡಿದ, ಕಂಪನಿ ವ್ಯವಹಾರ ಸಚಿವಾಲಯದಲ್ಲಿ ಸಿಎಸ್‌ಆರ್-1 ಅಂತ ನೋಂದಣಿ ಮಾಡಿಸಿದ ಸಂಸ್ಥೆಯ ಮೂಲಕ ಕೊಡೋದೇ ಹೆಚ್ಚು. ಯಾರಾದರೂ ಬಂದು ‘ಸಿಎಸ್‌ಆರ್ ಕೊಡಿಸ್ತೀನಿ, ಮೊದಲು ಖರ್ಚಿಗೆ ಇಷ್ಟು ಕೊಡ್ರಿ’ ಅಂದರೆ ಬಾಗಿಲು ಹಾಕು.

ಅಧ್ಯಕ್ಷೆ: ಅಂಥವ ಒಬ್ಬ ಬಂದಿದ್ದ್ರಿ! ಐದು ಸಾವಿರ ಕೇಳಿದ್ದ.

ಮೇಷ್ಟ್ರು: ಕೊಟ್ಟೆಯೇನು?

ಅಧ್ಯಕ್ಷೆ: ಇಲ್ರಿ, ನಮ್ಮ ಹತ್ರ ಇರಲಿಲ್ಲ.

ಮೇಷ್ಟ್ರು: ಒಳ್ಳೇದಾಯ್ತು. ಶಾಸಕರ ನಿಧಿ, ಸಂಸದರ ನಿಧಿ ಬಗ್ಗೆ ನಾನು ಹೆಚ್ಚು ಹೇಳೋದಿಲ್ಲ, ನಿಮಗೆ ಗೊತ್ತಿರೋದೇ. ಅದರಲ್ಲೂ ಶಾಲೆಗೆ ಕಂಪ್ಯೂಟರ್ ಕೊಡಬಹುದು, ನಡೆಸೋ ಖರ್ಚು ಸಿಗೋದಿಲ್ಲ. ಈಗ ಊರಿನೊಳಗೆ ಏನಿದೆ ನೋಡು. ನಿಮ್ಮ ಶಾಲೆಯಲ್ಲಿ ಮಕ್ಕಳೆಷ್ಟು?

ಅಧ್ಯಕ್ಷೆ: ನೂರಾ ಇಪ್ಪತ್ನಾಕು.

ಮೇಷ್ಟ್ರು: ನೂರಾ ಒಂದರಿಂದ ಇನ್ನೂರೈವತ್ತು ಮಕ್ಕಳಿಗೆ ಸಮಗ್ರ ಶಿಕ್ಷಾದ ಶಾಲಾ ಅನುದಾನ ವರ್ಷಕ್ಕೆ 50 ಸಾವಿರದವರೆಗೆ. ನೂರಕ್ಕೆ ಇಳಿದರೆ 25 ಸಾವಿರ. ಇಪ್ಪತ್ನಾಲ್ಕು ಮಕ್ಕಳು ಬಸ್ಸು ಹತ್ತಿ ಖಾಸಗಿ ಶಾಲೆಗೆ ಹೋದರೆ ಅನುದಾನ ಅರ್ಧ ಆಗ್ತದೆ ಅಂತ ತಾಯಂದಿರ ಸಭೆಯಲ್ಲಿ ಹೇಳು. ಸುಣ್ಣಬಣ್ಣ, ಸೀಮೆಸುಣ್ಣ, ಶೌಚಾಲಯ ಎಲ್ಲ ಆ ದುಡ್ಡಿನಲ್ಲೇ ಆಗಬೇಕು. ಆದರೂ ಬ್ಯಾಟರಿಗೆ ಅಂತ ಸ್ವಲ್ಪ ಎತ್ತಿಡಬಹುದು. ಕರೆಂಟ್ ಬಿಲ್ಲನ್ನು ಸರ್ಕಾರಿ ಶಾಲೆಗಳ ತಲೆ ಮೇಲಿಂದ ಇಳಿಸಿದ್ದಾರೆ, ಅದೊಂದು ಹೊರೆ ಕಡಿಮೆ. ಆಮೇಲೆ ಪಂಚಾಯ್ತಿಯ ಅರಿವು ಕೇಂದ್ರ, ಹಳೇ ಗ್ರಂಥಾಲಯ, ಅಲ್ಲಿ ಕಂಪ್ಯೂಟರ್ ಇದೆಯೋ ಇಲ್ಲವೋ ನೋಡಿದ್ದೀಯಾ?

ಅಧ್ಯಕ್ಷೆ: ಅದಾವ್ರಿ. ಹುಡುಗ್ರು ಪೇಪರ್ ಓದಾಕ ಹೋಗ್ತಾರ, ಕಂಪ್ಯೂಟರ್ ಮುಟ್ಟೋರು ಕಮ್ಮಿ.

ಮೇಷ್ಟ್ರು: ಹಂಗಾದರೆ ನಿಮ್ಮ ಮೊದಲನೇ ಕಂಪ್ಯೂಟರ್ ಕೊಠಡಿ ಅದೇ. ಪಿಡಿಒ ಜೊತೆ ಮಾತಾಡಿ, ವಾರಕ್ಕೆ ಎರಡು ಮಧ್ಯಾಹ್ನ ಏಳು ಎಂಟನೇ ತರಗತಿಯವರನ್ನು ಒಬ್ಬ ಶಿಕ್ಷಕರು ಕರಕೊಂಡು ಹೋಗಲಿ. ಯಾರು ಬಂದರು, ಏನು ಕಲಿತರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆರು ತಿಂಗಳಾದ ಮೇಲೆ ಆ ನೋಟ್‌ಬುಕ್ಕು ಅರ್ಜಿಯ ಜೊತೆ ಇಟ್ಟರೆ, ಓದಿದವರಿಗೆ ಈ ಶಾಲೆ ಕೊಟ್ಟದ್ದನ್ನು ಬಳಸ್ತದೆ ಅನ್ನೋ ನಂಬಿಕೆ ಬರ್ತದೆ.

ಅಧ್ಯಕ್ಷೆ: ಶಿಕ್ಷಕರೇ ಹಿಂದೇಟು ಹಾಕ್ತಾರ್ರಿ. ‘ನಮಗ ಬರೋದಿಲ್ಲ, ಕೆಟ್ಟರ ಯಾರು ಉತ್ತರ ಕೊಡೋರು’ ಅಂತಾರ.

ಮೇಷ್ಟ್ರು: ಅವರ ಅಂಜಿಕೆ ಸುಳ್ಳಲ್ಲ. ಮುರಿದರೆ ಸಂಬಳದಲ್ಲಿ ಹಿಡೀತಾರೋ ಏನೋ ಅನ್ನೋ ಭಯ ನನಗೂ ಇತ್ತು. ಅಜೀಂ ಪ್ರೇಮ್‌ಜಿ ಫೌಂಡೇಶನ್ ಎರಡು ಸಾವಿರದ ಆರಂಭದ ವರ್ಷಗಳಲ್ಲಿ ನಮ್ಮ ಹಳ್ಳಿ ಶಾಲೆಗಳಲ್ಲೇ ಕಂಪ್ಯೂಟರ್ ಕಲಿಕಾ ಕೇಂದ್ರ ನಡೆಸಿತು, ಪಾಠದ ಸಿಡಿಗಳನ್ನು ಮಾಡಿತು. ಅಷ್ಟು ದೊಡ್ಡ ಕಂಪ್ಯೂಟರ್ ಕಂಪನಿಯ ಮನೆಯವರದೇ ಸಂಸ್ಥೆ. ಮುಂದೆ ಅವರೇ ಅದರಿಂದ ಹಿಂದೆ ಸರಿದು ಶಿಕ್ಷಕರ ಜೊತೆ ಕೆಲಸ ಮಾಡೋ ಕಡೆ ತಿರುಗಿದರು. ಶಿಕ್ಷಕ ಕೈ ಹಾಕದ ಯಂತ್ರದಿಂದ ಕಲಿಕೆ ಹುಟ್ಟಲಿಲ್ಲ. 2016ರ ಸುಮಾರಿಗೆ ಬಂದ ನಮ್ಮ ರಾಜ್ಯದ ಟಿಎಎಲ್‌ಪಿ ಅನ್ನೋ ತಂತ್ರಜ್ಞಾನ ಆಧಾರಿತ ಕಲಿಕೆಯ ಕಾರ್ಯಕ್ರಮದಲ್ಲಿ ಹೈಸ್ಕೂಲು ಶಿಕ್ಷಕರಿಗೆ ತರಬೇತಿ ಸೇರಿಸಿದ್ದು ಅದಕ್ಕೇ.

ಅಧ್ಯಕ್ಷೆ: ಎಲ್ಲಿಯಾದ್ರೂ ಸರಿಯಾಗಿ ನಡೆದೈತೇನ್ರಿ ಇದು?

ಮೇಷ್ಟ್ರು: ಕಾಸರಗೋಡಿನಲ್ಲಿ ನೋಡು. ಅಲ್ಲಿ ಕನ್ನಡ ಮಾಧ್ಯಮದ ಮಕ್ಕಳಿದ್ದಾರೆ, ಕೇರಳ ಸರ್ಕಾರದ ಶಾಲೆಗಳಲ್ಲಿ. 2018ರಲ್ಲಿ ಆ ರಾಜ್ಯ 8ರಿಂದ 12ನೇ ತರಗತಿಯ 45,000 ಕೊಠಡಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಕೊಡೋ ಕೆಲಸ ಹಿಡೀತು. ದುಡ್ಡು ಅವರ ಮೂಲಸೌಕರ್ಯ ನಿಧಿಯಿಂದ. ನನಗೆ ಮೆಚ್ಚಿಗೆಯಾದದ್ದು ಸಂಖ್ಯೆ ಅಲ್ಲ. ಕೊಂಡ ಯಂತ್ರಕ್ಕೆ ಐದು ವರ್ಷದ ವಾರಂಟಿ ಹಾಕಿಸಿದರು, ಕೆಟ್ಟರೆ ಶಾಲೆಯೇ ದೂರು ದಾಖಲಿಸೋ ವ್ಯವಸ್ಥೆ ಮಾಡಿದರು. ತಂತ್ರಾಂಶ ಮುಕ್ತವಾದದ್ದು, ಲೈಸೆನ್ಸಿಗೆ ದುಡ್ಡಿಲ್ಲ. ಐಟಿ ಪಠ್ಯಪುಸ್ತಕ ಕನ್ನಡದಲ್ಲೂ ಸಿಗ್ತದೆ. ಅದರ ಮೇಲೆ ‘ಲಿಟಲ್ ಕೈಟ್ಸ್’ ಅಂತ ಮಕ್ಕಳದೇ ಸಂಘ. ಯಂತ್ರ ನೋಡಿಕೊಳ್ಳೋದು, ಚಿಕ್ಕ ದೋಷ ಸರಿಮಾಡೋದು ಮಕ್ಕಳೇ ಕಲೀತಾರೆ. ನಮ್ಮಲ್ಲಿ ಕಂಪ್ಯೂಟರನ್ನು ಮಕ್ಕಳ ಕೈಯಿಂದ ಕಾಪಾಡಲಿಕ್ಕೆ ಕೀಲಿ ಹಾಕಿದೆವು, ಅವರು ಮಕ್ಕಳ ಕೈಗೇ ಕಾವಲು ಕೊಟ್ಟರು.

ಅಧ್ಯಕ್ಷೆ: ಹಂಗಾದ್ರ ಅರ್ಜಿಯೊಳಗ ಏನಂತ ಬರೀಲಿ? ಹತ್ತು ಬ್ಯಾಡೇನು?

ಮೇಷ್ಟ್ರು: ನಿಮ್ಮ ಶಾಲೆಗೆ ಈಗ ಒಂದು ಕೊಠಡಿಗೆ ಪ್ರೊಜೆಕ್ಟರ್, ನಾಲ್ಕು ಲ್ಯಾಪ್‌ಟಾಪ್ ಸಾಕು. ಲ್ಯಾಪ್‌ಟಾಪಿಗೆ ಅದರದೇ ಬ್ಯಾಟರಿ ಇರ್ತದೆ, ಕರೆಂಟ್ ಹೋದರೂ ಪಾಠ ನಿಲ್ಲೋದಿಲ್ಲ. ಕಿಟಕಿಗೆ ಜಾಲರಿ, ವೈರಿಂಗ್, ಅರ್ಥಿಂಗ್ ಇವನ್ನೂ ಅಂದಾಜು ಪಟ್ಟಿಯಲ್ಲಿ ಸೇರಿಸು. ಕೆಳಗೆ ಬರೆ: ಮೂರು ವರ್ಷದ ವಾರಂಟಿ, ಇಬ್ಬರು ಶಿಕ್ಷಕರ ತರಬೇತಿ, ವಾರಕ್ಕೆ ಎಷ್ಟು ತಾಸು ಯಾವ ತರಗತಿ, ಜವಾಬ್ದಾರಿ ಯಾರದು. ನಾಲ್ಕನೇ ವರ್ಷದಿಂದ ರಿಪೇರಿ ಖರ್ಚು ಊರಿನದು ಅಂತಲೂ ಬರೆ.

ಅಧ್ಯಕ್ಷೆ: ಊರಿಂದೇನ್ರಿ? ಎಲ್ಲಿಂದ ತರ್ತಾರ ಸರ, ಮೆಕ್ಕೆಜೋಳಕ್ಕ ರೇಟಿಲ್ಲ.

ಮೇಷ್ಟ್ರು: ನಮ್ಮೂರ ಕೋಲಶಾಂತೇಶ್ವರನ ತೇರಿಗೆ ಪಟ್ಟಿ ಎತ್ತುವಾಗ ರೇಟಿಲ್ಲ ಅಂತ ಯಾರಾದರೂ ವಾಪಸ್ ಕಳಿಸಿದ್ದಾರೇನು? ಇದ್ದವರು ಸಾವಿರ, ಇಲ್ಲದವರು ನೂರು ಕೊಡ್ತಾರೆ, ತೇರು ಎಳೆದೇ ಎಳೀತಾರೆ. ಭಕ್ತಿ ಇದ್ದ ಕಡೆ ದುಡ್ಡು ಕೂಡಿಬರ್ತದೆ. ನಾನು ತೇರಿನ ದುಡ್ಡು ಕಡಿಮೆ ಮಾಡು ಅನ್ನೋದಿಲ್ಲ. ಅದೇ ಪಟ್ಟಿಯಲ್ಲಿ ಶಾಲೆಗೊಂದು ಸಾಲು ಹಾಕಿಸು ಅಂತೀನಿ. ವರ್ಷಕ್ಕೆ ಹತ್ತು ಸಾವಿರ ಕೂಡಿದರೆ ಬ್ಯಾಟರಿ, ಬಲ್ಬು, ಕೀಬೋರ್ಡಿಗೆ ಸಾಕು. ದುಡ್ಡು ಎಸ್‌ಡಿಎಂಸಿ ಖಾತೆಗೆ, ರಸೀದಿ ಕೊಟ್ಟು, ಲೆಕ್ಕವನ್ನು ಶಾಲೆ ಗೋಡೆಗೆ ಅಂಟಿಸಿ. ಸರ್ಕಾರದಿಂದ ಬಂದದ್ದಕ್ಕೆ ಬಳಕೆ ಪ್ರಮಾಣಪತ್ರ ಹೊತ್ತಿಗೆ ಸರಿಯಾಗಿ ಕಳಿಸಿ. ಅದು ತಪ್ಪಿದರೆ ಎರಡನೇ ಕಂತು ಬರೋದಿಲ್ಲ.

ಅಧ್ಯಕ್ಷೆ: ಆತ್ರಿ. ಬೆಂಗಳೂರಿನ ನಮ್ಮೂರ ಹುಡುಗರಿಗೂ ಒಂದು ಪತ್ರ ಬರೀಬೇಕಲ್ರಿ, ಅದನ್ನ ನೀವೇ ಹೇಳ್ರಿ. ನಾನು ಬರ್ಕೊಳ್ತೀನಿ.

ಮೇಷ್ಟ್ರು: ಬರಿ. ‘ಪ್ರೀತಿಯ ಹಳೆಯ ವಿದ್ಯಾರ್ಥಿಗಳೇ, ನೀವು ಕೂತು ಓದಿದ ಕೊಠಡಿಗಳಲ್ಲಿ ಈಗ 124 ಮಕ್ಕಳಿದ್ದಾರೆ. ನಾಲ್ಕು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್, ಇಬ್ಬರು ಶಿಕ್ಷಕರಿಗೆ ತರಬೇತಿ ನಮ್ಮ ಬೇಡಿಕೆ. ಅಂದಾಜು ಪಟ್ಟಿ ಲಗತ್ತಿಸಿದೆ. ದುಡ್ಡು ಕೊಡಲು ಆಗದಿದ್ದರೂ ಚಿಂತೆಯಿಲ್ಲ. ನಿಮ್ಮ ಕಂಪನಿಯಲ್ಲಿ ಸಿಎಸ್‌ಆರ್ ಕೆಲಸ ನೋಡುವವರಿಗೆ ಈ ಪತ್ರ ಮುಟ್ಟಿಸಿ. ತೇರಿಗೆ ಊರಿಗೆ ಬಂದಾಗ ಹಿಂದಿನ ದಿನವೇ ಬಂದು ಮಕ್ಕಳ ಜೊತೆ ಒಂದು ತಾಸು ಕೂತು, ನೀವು ಮಾಡುವ ಕೆಲಸವನ್ನು ಕನ್ನಡದಲ್ಲಿ ಹೇಳಿಕೊಡಿ. ಶಾಲೆ ಬೆಳಿಗ್ಗೆ ಹತ್ತು ಗಂಟೆಗೆ ತೆರೆದಿರುತ್ತದೆ.’ ಕೆಳಗೆ ನಿನ್ನ ಸಹಿ ಹಾಕು.